ಅಟ್ಟಕ್ಕೇರಿಸಿದ ಬೆಳಕು

ತುಮಕೂರಿನಿಂದ ತಿಪಟೂರಿಗೆ ಹೊರಟ ಬಸ್ಸು ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತಾಗ ಅಲ್ಲಿ ಇಳಿದವನಿಗೆ ದಾರಿಗಳು ಬೇರೆ ಬೇರೆ, ನೋಟ ಮಾತ್ರ ಒಂದೇ. ಒಂದು ದಾರಿ ಚಿಕ್ಕನಾಯಕನಹಳ್ಳಿಗೆ, ಇನ್ನೊಂದು ತುರುವೇಕೆರೆಗೆ, ಮುಂದಿನದು ತಿಪಟೂರಿಗೆ. ಯಾವುದನ್ನು ಹಿಡಿದರೂ ಎರಡು ಮಗ್ಗುಲಿಗೂ ತೆಂಗಿನ ತೋಟ. ನಡುಹಗಲಿನಲ್ಲಿ ಆ ತೋಟಗಳ ನೆಲವನ್ನು ನೋಡಬೇಕು. ಗರಿಗಳ ಸಂದಿನಿಂದ ಇಳಿದ ಬಿಸಿಲು ಬೆಳ್ಳಿಯ ಚೂರುಗಳಂತೆ ಚೆಲ್ಲಿರುತ್ತದೆ; ಆ ಚೂರುಗಳ ನಡುವೆ ಕಪ್ಪಿಗೆ ತಿರುಗಿದ ಹಸುರು ನೆರಳು. ಕವಿಗೆ ಇದು ಹಬ್ಬ. ಛಾಯಾಚಿತ್ರ ತೆಗೆಯುವವನಿಗೆ ಮಾತ್ರ ಇದು ಕಠಿಣವಾದ ಪರೀಕ್ಷೆ.

ಅಂಥ ಒಂದು ತೋಟದ ಮನೆಯಲ್ಲಿ ಬೀಗರೂಟ ನಡೆದಿದೆಯೆಂದು ಕಲ್ಪಿಸಿಕೊಳ್ಳಬಹುದು. ಅಂಗಳದ ತುಂಬ ಕೆಂಪು ಬಟ್ಟೆಯ ಶಾಮಿಯಾನ, ಅದರಾಚೆಗೆ ಸುಡುವ ಬಿಸಿಲು. ಮನೆಯ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ, ಎಲೆಯಡಿಕೆಯ ತಟ್ಟೆಯನ್ನು ಮಗ್ಗುಲಿಗೆ ಇಟ್ಟುಕೊಂಡು ಕುಳಿತಿದ್ದಾಳೆ. ಸ್ಟುಡಿಯೋದಿಂದ ಬಂದವನು ನಡುಮನೆಯ ಬಾಗಿಲಲ್ಲಿ ನಿಂತು, ಆಕೆ ಯಾರದೋ ಮಾತಿಗೆ ತಿರುಗಿ ನಕ್ಕ ಗಳಿಗೆಯಲ್ಲಿ ಗುಂಡಿ ಒತ್ತುತ್ತಾನೆ. ಸಂಜೆಯ ಹೊತ್ತಿಗೆ ಆ ಚಿತ್ರ ಎಲ್ಲರ ಮೊಬೈಲಿಗೂ ಬರುತ್ತದೆ: ಹಿಂದೆ ಬೆಳಗುವ ಅಂಗಳ, ಮುಂದೆ ಕರಿಯ ಕಾಗದದಲ್ಲಿ ಕತ್ತರಿಸಿ ಅಂಟಿಸಿದಂಥ ಒಂದು ಆಕೃತಿ. ಮದುಮಕ್ಕಳ ಚಿತ್ರಗಳು ಚೆನ್ನಾಗಿರುವುದರಿಂದ ಯಾರೂ ಇದರ ಗೊಡವೆಗೆ ಹೋಗುವುದಿಲ್ಲ.

ನಾಲ್ಕು ತಿಂಗಳ ಮೇಲೆ ಅಜ್ಜಿ ತೀರಿಕೊಳ್ಳುತ್ತಾಳೆ. ತಿಥಿಯ ದಿನ ಮಾಲೆ ಹಾಕಿ ಇಡಲು ಪಟ ಬೇಕು. ಹುಡುಕಿದರೆ ಸಿಕ್ಕುವುದು ಎರಡೇ: ಆಧಾರ್ ಚೀಟಿಯಲ್ಲಿ ಬೆದರಿದ ಕಣ್ಣಿನ ಅಂಚೆಚೀಟಿಯಷ್ಟು ಮುಖ, ಮತ್ತು ಈ ಜಗಲಿಯ ಕತ್ತಲು. ಮೊಮ್ಮಗ ಮೊಬೈಲನ್ನು ಹಿಡಿದುಕೊಂಡು ಸ್ಟುಡಿಯೋಗೆ ಹೋಗುತ್ತಾನೆ.

“ಅಣ್ಣ, ಇದನ್ನ ಸ್ವಲ್ಪ ಬೆಳಕು ಮಾಡಿಕೊಡಿ. ಅಜ್ಜಿ ಮುಖಾನೇ ಕಾಣ್ತಿಲ್ಲ.”

“ಮೊಬೈಲಿಗೆ ಬಂದಿರೋದನ್ನ ಎಷ್ಟು ಬೆಳಕು ಮಾಡಿದ್ರೂ ಅಷ್ಟೇ ಕಣಪ್ಪ. ತಡಿ, ಮೂಲದ್ದು ಉಳಿದಿದೆಯಾ ನೋಡ್ತೀನಿ.”

ಆ ‘ಮೂಲದ್ದು’ ಎಂಬ ಮಾತಿನಲ್ಲಿಯೇ ಇಲ್ಲಿನ ವಿಷಯವೆಲ್ಲ ಅಡಗಿದೆ. ಫಿಲ್ಮಿನ ಕಾಲದಲ್ಲಿ ಅದಕ್ಕೆ ನೆಗೆಟಿವ್ ಎನ್ನುತ್ತಿದ್ದರು. ಮನೆಯವರಿಗೂ ಅದರ ಬೆಲೆ ತಿಳಿದಿತ್ತು. ಹಳದಿ ಲಕೋಟೆಯಲ್ಲಿಟ್ಟು ಬೀರುವಿನಲ್ಲಿ ಕಾಪಾಡುತ್ತಿದ್ದರು. ಡಿಜಿಟಲ್ ಕ್ಯಾಮೆರಾದಲ್ಲಿ ಆ ಸ್ಥಾನದಲ್ಲಿರುವುದು ‘ರಾ’ ಎಂದು ಛಾಯಾಗ್ರಾಹಕರು ಕರೆಯುವ ಕಚ್ಚಾ ಕಡತ. ಕಣ್ಣಿಗೆ ಚೆನ್ನಾಗಿ ಕಾಣದ, ಮೊಬೈಲಿನಲ್ಲಿ ಸುಲಭವಾಗಿ ತೆರೆಯದ, ಡಿಸ್ಕಿನಲ್ಲಿ ವಿಪರೀತ ಜಾಗ ತಿನ್ನುವ ಈ ಕಡತದ ಬೆಲೆ ಇನ್ನೂ ಬಹು ಮಂದಿಗೆ ತಿಳಿದಿಲ್ಲ.

ನಿಜವಾಗಿ ನೋಡಿದರೆ ಅದು ಚಿತ್ರವೇ ಅಲ್ಲ. ಬೆಳಕಿನ ಲೆಕ್ಕದ ಪುಸ್ತಕ. ಮಳೆ ಬಂದಾಗ ಅಂಗಳದಲ್ಲಿ ಸಾಲುಸಾಲಾಗಿ ಕೊಡಗಳನ್ನು ಇಟ್ಟರೆ ಒಂದೊಂದರಲ್ಲಿಯೂ ಇಂತಿಷ್ಟು ನೀರು ನಿಲ್ಲುತ್ತದೆಯಷ್ಟೆ. ಕ್ಯಾಮೆರಾದೊಳಗಿನ ಸೆನ್ಸರ್ ಎಂಬ ಫಲಕದ ಮೇಲೆ ಅಂಥ ಕೊಡಗಳು ಕೋಟಿಗಟ್ಟಲೆ ಇವೆ; 24 ಮೆಗಾಪಿಕ್ಸೆಲ್ ಎಂದರೆ ಎರಡು ಕೋಟಿ ನಲವತ್ತು ಲಕ್ಷ. ಪ್ರತಿಯೊಂದೂ ತನಗೆ ಬಿದ್ದ ಬೆಳಕನ್ನು ಅಳೆಯುತ್ತದೆ. ಆದರೆ ಕೊಡಕ್ಕೆ ಬಣ್ಣ ತಿಳಿಯದು. ಆದ್ದರಿಂದ ಒಂದೊಂದರ ಬಾಯಿಗೂ ಕೆಂಪು, ಹಸುರು ಅಥವಾ ನೀಲಿಯ ಒಂದು ಗಾಜಿನ ಪೊರೆಯನ್ನು ಮುಚ್ಚಿರುತ್ತಾರೆ. ನಾಲ್ಕರಲ್ಲಿ ಎರಡು ಹಸುರು, ಒಂದು ಕೆಂಪು, ಒಂದು ನೀಲಿ. ಮನುಷ್ಯನ ಕಣ್ಣು ಹಸುರಿನ ಬೆಳಕಿನಲ್ಲಿಯೇ ಸೂಕ್ಷ್ಮವನ್ನು ಹೆಚ್ಚು ಗುರುತಿಸುವುದರಿಂದ ಹಸುರಿಗೆ ಎರಡು ಪಾಲು. ಅಮೆರಿಕದ ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಕಂಡುಹಿಡಿದ ಈ ವಿನ್ಯಾಸಕ್ಕೆ 1976ರಲ್ಲಿ ಪೇಟೆಂಟು ದೊರೆಯಿತು. ಇಂದಿಗೂ ಬಹುಪಾಲು ಕ್ಯಾಮೆರಾಗಳು, ಕಿಸೆಯಲ್ಲಿರುವ ಮೊಬೈಲೂ ಸೇರಿ, ಈ ವಿನ್ಯಾಸವನ್ನೋ ಇದರಿಂದ ಹುಟ್ಟಿದ ಮತ್ತೊಂದನ್ನೋ ಬಳಸುತ್ತವೆ.

ಹೀಗೆ ಒಂದು ಕೊಡಕ್ಕೆ ಒಂದೇ ಬಣ್ಣದ ಅಳತೆ. ಉಳಿದೆರಡು ಬಣ್ಣಗಳನ್ನು ನೆರೆಯ ಕೊಡಗಳನ್ನು ನೋಡಿ ಊಹಿಸಬೇಕು. ಊಹಿಸದೆ, ಸರಿಪಡಿಸದೆ, ಅಳತೆಗಳನ್ನು ಇದ್ದ ಹಾಗೆಯೇ ಬರೆದಿಟ್ಟದ್ದು ರಾ ಕಡತ. ಅದನ್ನು ಏನೂ ಸಂಸ್ಕರಿಸದೆ ತೆರೆದು ನೋಡಿದವನಿಗೆ ನಿರಾಶೆಯೇ ಸರಿ: ಮಂಕಾದ, ಹಸುರು ಛಾಯೆಯ, ಕತ್ತಲೆ ಕವಿದ ಒಂದು ನೋಟ. ಆದರೆ ಬೆಳಕು ಹೇಳಿದ್ದೆಲ್ಲವೂ ಅದರಲ್ಲಿದೆ.

ತಿಪಟೂರಿನ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಲಿತ ತೆಂಗಿನಕಾಯಿಯನ್ನು ಅಲ್ಲಿ ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸುತ್ತಾರೆ. ಎಂಟು ಹತ್ತು ತಿಂಗಳು, ಕೆಲವು ವೇಳೆ ಒಂದು ವರ್ಷ, ಅದು ಅಲ್ಲಿಯೇ ಇರುತ್ತದೆ. ಒಳಗಿನ ನೀರು ಆರಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಎನ್ನುವ ತನಕ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಅನಂತರ ಸುಲಿದು, ಕರಟವನ್ನು ಜೋಕೆಯಿಂದ ಒಡೆದು, ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯುತ್ತಾರೆ. ಮರದಿಂದ ಇಳಿಸಿದ ದಿನವೇ ಕೊಚ್ಚಿ ಎಳನೀರು ಕುಡಿದುಬಿಟ್ಟರೆ ಬಾಯಾರಿಕೆ ಆರುತ್ತದೆ, ಅದರಲ್ಲೇನೂ ತಪ್ಪಿಲ್ಲ. ಆದರೆ ಆ ಬುರುಡೆಯಿಂದ ಕೊಬ್ಬರಿಯನ್ನು ಕೇಳುವಂತಿಲ್ಲ.

ಕ್ಯಾಮೆರಾ ತಾನೇ ಆ ಕ್ಷಣದಲ್ಲಿ ಕೊಚ್ಚಿ ಕೊಡುವ ಎಳನೀರಿಗೆ ಜೆಪೆಗ್ ಎಂದು ಹೆಸರು. ಅದನ್ನು ರೂಪಿಸಿದ ತಜ್ಞರ ಮಂಡಳಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಂದ ಪದ ಇದು. 1992ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಇದರ ಹೃದಯದಲ್ಲಿರುವ ಗಣಿತ ಒಬ್ಬ ಬೆಂಗಳೂರಿನವರ ಕೊಡುಗೆಯೆಂಬುದು ಕನ್ನಡನಾಡಿನಲ್ಲಿ ತಿಳಿದಿರಬೇಕಾದಷ್ಟು ತಿಳಿದಿಲ್ಲ. ನಾಸಿರ್ ಅಹಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ 1917ರಲ್ಲಿ ಆರಂಭವಾದ ಅಲ್ಲಿನ ಎಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು, ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಮುಗಿಸಿ, ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಚಿತ್ರವನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆದರೆ ಅದನ್ನು ಬಹಳ ಕಿರಿದು ಮಾಡಬಹುದು ಎಂಬ ಆಲೋಚನೆ ಅವರಿಗೆ ಹೊಳೆದದ್ದು 1972ರ ಸುಮಾರಿಗೆ. ಸಂಶೋಧನೆಗೆ ಹಣ ಕೇಳಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಇದು ತೀರ ಸರಳವಾಯಿತು ಎಂಬ ಅಭಿಪ್ರಾಯ ಬಂದು ಅರ್ಜಿ ತಿರಸ್ಕೃತವಾಯಿತು! ಆದರೂ ಅವರು ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಮಿತ್ರ ಕೆ. ಆರ್. ರಾವ್ ಅವರೊಡನೆ ಕೂಡಿ 1974ರ ಜನವರಿಯಲ್ಲಿ ಆ ಪ್ರಬಂಧವನ್ನು ಪ್ರಕಟಿಸಿದರು. 2021ರಲ್ಲಿ ಅಮೆರಿಕದ ಒಂದು ಜನಪ್ರಿಯ ದೂರದರ್ಶನ ಧಾರಾವಾಹಿ ಅವರ ಕಥೆಯನ್ನೇ ತನ್ನೊಳಗೆ ಹೆಣೆದುಕೊಂಡಿತು. ಕಿಬ್ಬನಹಳ್ಳಿಯ ಬೀಗರೂಟದ ಚಿತ್ರ ಕ್ಷಣಮಾತ್ರದಲ್ಲಿ ಬೆಂಗಳೂರಿನ ಮಗಳಿಗೂ ದುಬೈಯ ಅಳಿಯನಿಗೂ ಮುಟ್ಟುವುದು ಈ ಮೂವರ ಪುಣ್ಯದಿಂದ ಎಂದರೆ ಅತಿಶಯವಲ್ಲ.

ಆ ಉಪಾಯದ ರೀತಿ ಹೀಗೆ. ಚಿತ್ರವನ್ನು ಅಡ್ಡ ಎಂಟು, ಉದ್ದ ಎಂಟು ಬಿಂದುಗಳ ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತಾರೆ. ಪ್ರತಿಯೊಂದು ಚೌಕವನ್ನೂ ನಿಧಾನದ ಏರಿಳಿತದಿಂದ ಹಿಡಿದು ಬಿರುಸಾದ ಏರಿಳಿತದವರೆಗಿನ 64 ಮಾದರಿಗಳ ಮಿಶ್ರಣವಾಗಿ ಬರೆಯುತ್ತಾರೆ. ಆಮೇಲೆ ಜರಡಿ ಹಿಡಿಯುತ್ತಾರೆ: ಕಣ್ಣಿಗೆ ಅಷ್ಟಾಗಿ ತಿಳಿಯದ ಬಿರುಸಿನ ಮಾದರಿಗಳು ಕೆಳಗೆ ಉದುರಿಹೋಗುತ್ತವೆ. ಕಣ್ಣಿಗೆ ಮೋಸವಾದದ್ದು ತಿಳಿಯುವುದೇ ಇಲ್ಲ. ಕಡತ ಮಾತ್ರ ಕಾಲು ಭಾಗಕ್ಕೋ ಅದಕ್ಕಿಂತ ಕಡಿಮೆಗೋ ಇಳಿದಿರುತ್ತದೆ. ನೋಡಿ ಆನಂದಿಸುವುದಕ್ಕೆ ಇಷ್ಟು ಸಾಕು. ತಿದ್ದುವುದಕ್ಕೆ ಕುಳಿತಾಗ ಉದುರಿಹೋದದ್ದರ ನೆನಪಾಗುತ್ತದೆ.

ಅಜ್ಜಿಯ ಚಿತ್ರದಲ್ಲಿ ಆದದ್ದನ್ನು ಲೆಕ್ಕ ಹಾಕಿಯೇ ನೋಡಬಹುದು. ಬಿಸಿಲಿನ ಅಂಗಳಕ್ಕೂ ಜಗಲಿಯ ನೆರಳಿನಲ್ಲಿದ್ದ ಮುಖಕ್ಕೂ ಬೆಳಕಿನಲ್ಲಿ ಅರವತ್ತು ಪಟ್ಟು ಅಂತರವಿದ್ದರೆ ಆಶ್ಚರ್ಯವಿಲ್ಲ. ಎಂದರೆ ಬೆಳಕನ್ನು ಸುಮಾರು ಆರು ಸಲ ಅರ್ಧ ಅರ್ಧ ಮಾಡುತ್ತ ಬಂದರೆ ಸಿಕ್ಕುವ ಮಬ್ಬು. ಒಳ್ಳೆಯ ಕ್ಯಾಮೆರಾದ ರಾ ಕಡತ ಕತ್ತಲಿನಿಂದ ಪೂರ್ಣ ಬೆಳಕಿನವರೆಗೆ 16,384 ಮೆಟ್ಟಿಲುಗಳನ್ನು ಎಣಿಸಬಲ್ಲದು. ಇವುಗಳ ಹಂಚಿಕೆಯಲ್ಲಿ ಮಾತ್ರ ಸಮಾನತೆ ಇಲ್ಲ. ಅತ್ಯಂತ ಬೆಳಗಿದ ಅರ್ಧಕ್ಕೆ 8,192, ಅದರ ಕೆಳಗಿನ ಅರ್ಧಕ್ಕೆ 4,096, ಹೀಗೆ ಇಳಿಯುತ್ತ ಇಳಿಯುತ್ತ ಅಜ್ಜಿಯ ಮುಖವಿರುವ ತಾಣಕ್ಕೆ 128 ಮೆಟ್ಟಿಲು ಉಳಿಯುತ್ತದೆ. ಜೆಪೆಗ್‌ಗೆ ಒಂದೊಂದು ಬಣ್ಣಕ್ಕೂ ಒಟ್ಟು ಇರುವುದೇ 256 ಮೆಟ್ಟಿಲು. ಕಣ್ಣಿನ ಸ್ವಭಾವವನ್ನು ಅರಿತು ಅದು ಕತ್ತಲಿಗೆ ತುಸು ಧಾರಾಳವಾಗಿಯೇ ಹಂಚುತ್ತದೆ. ಆದರೂ ಅದೇ ತಾಣಕ್ಕೆ ಬರುವುದು ಸುಮಾರು 12. ಕೆನ್ನೆಯ ನುಣುಪು, ಕಣ್ಣಿನ ಗುಳಿ, ನಗೆಯ ಗೆರೆ, ಇವೆಲ್ಲವನ್ನೂ ಹನ್ನೆರಡು ಮೆಟ್ಟಿಲಲ್ಲಿ ಹೇಳಬೇಕು. ಅದನ್ನು ಎಳೆದು ಬೆಳಗಿಸಿದರೆ ಮುಖದ ಬದಲು ತೇಪೆ ಹಾಕಿದ ಚೌಕಗಳು ಕಾಣುತ್ತವೆ. ಮೊಬೈಲಿನ ಸಂದೇಶದಲ್ಲಿ ಹೋದ ಪ್ರತಿಯಂತೂ ಮತ್ತೊಮ್ಮೆ ಜರಡಿಗೆ ಬಿದ್ದದ್ದು. ಅದರಲ್ಲಿ ಇನ್ನೂ ಕಡಿಮೆ.

ರಾ ಕಡತಕ್ಕೂ ಅಸಾಧ್ಯವಾದದ್ದು ಉಂಟು. ಕೊಡ ತುಂಬಿದ ಮೇಲೆ ಬಿದ್ದ ನೀರು ಹರಿದುಹೋಗುತ್ತದೆಯೇ ಹೊರತು ಲೆಕ್ಕಕ್ಕೆ ಸೇರುವುದಿಲ್ಲ. ಬೆಳಕು ಮಿತಿಮೀರಿ ಬಿಳುಚಿಹೋದ ಆಕಾಶವನ್ನು ಯಾವ ಮಂತ್ರವೂ ಮರಳಿ ತಾರದು. ಆದ್ದರಿಂದಲೇ ಅನುಭವಿಯಾದವನು ತೋಟದ ನಡುಹಗಲಿನಲ್ಲಿ ಬೆಳಗಿದ ಭಾಗ ಉಕ್ಕದಂತೆ ಅಳೆದು ತೆಗೆಯುತ್ತಾನೆ. ಮುಖ ಆಗ ಕಪ್ಪಾಗಿ ಕಂಡರೂ ಅವನಿಗೆ ಗಾಬರಿಯಿಲ್ಲ. ಅಜ್ಜಿಯ ಚಿತ್ರ ಕಪ್ಪಾದದ್ದು ಅವನ ಅಜ್ಞಾನದಿಂದ ಎಂದು ಮನೆಯವರು ತಿಳಿದಿದ್ದರೆ ಅದು ತಪ್ಪು. ಕತ್ತಲಿಗೂ ಮಿತಿಯಿದೆಯೆನ್ನಿ. ಹೆಚ್ಚು ಎಬ್ಬಿಸಿದರೆ ರವೆ ಚೆಲ್ಲಿದ ಹಾಗೆ ಕಾಳುಕಾಳು ತೋರುತ್ತದೆ.

ಇನ್ನು ಬಣ್ಣದ ಮಾತು. ಗರಿಗಳ ಮೂಲಕ ಇಳಿದ ಬೆಳಕು ಹಸುರು. ಶಾಮಿಯಾನದ ಮೂಲಕ ಬಂದದ್ದು ಕೆಂಪು. ಒಳಗಿನ ವಿದ್ಯುದ್ದೀಪದ್ದು ಮತ್ತೊಂದು. ಕಣ್ಣು ಇವೆಲ್ಲವನ್ನೂ ತಾನೇ ಸರಿದೂಗಿಸಿಕೊಂಡು ಬಿಳಿಯ ಪಂಚೆಯನ್ನು ಬಿಳಿಯೆಂದೇ ಕಾಣುತ್ತದೆ. ಕ್ಯಾಮೆರಾ ಊಹೆ ಮಾಡಬೇಕು. ಜೆಪೆಗ್‌ನಲ್ಲಿ ಆ ಊಹೆ ಬಣ್ಣದಲ್ಲಿಯೇ ಬೆರೆತುಹೋಗುತ್ತದೆ. ಪಾಯಸಕ್ಕೆ ಹಾಕಿದ ಬೆಲ್ಲದಂತೆ, ತೆಗೆಯಲಾಗದು. ರಾ ಕಡತದಲ್ಲಿ ಅದು ಬದಿಯಲ್ಲಿ ಬರೆದಿಟ್ಟ ಒಂದು ಟಿಪ್ಪಣಿ ಮಾತ್ರ; ಆರು ತಿಂಗಳ ಮೇಲೆ ಕುಳಿತು ಯಾರದಾದರೂ ಪಂಚೆಯ ಬಿಳುಪನ್ನು ತೋರಿಸಿ ‘ಇದು ಬಿಳಿ’ ಎಂದರೆ ಚಿತ್ರದ ಬಣ್ಣವೆಲ್ಲ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಒಂದು ಕೆನ್ನೆ ಕೆಂಪಿನಲ್ಲಿ, ಒಂದು ಕೆನ್ನೆ ಹಸುರಿನಲ್ಲಿ ಇದ್ದರೆ ಮಾತ್ರ ಒಂದೇ ಅಪ್ಪಣೆಗೆ ಎರಡೂ ಮಣಿಯುವುದಿಲ್ಲ. ಅಲ್ಲಿ ಕೈಕೆಲಸ ಬೇಕು.

ಈ ಕೈಕೆಲಸ ಹೊಸದೇನಲ್ಲ. ಕನ್ನಡನಾಡಿನ ವನ್ಯಜೀವಿ ಛಾಯಾಗ್ರಹಣಕ್ಕೆ ಕೀರ್ತಿ ತಂದ ಟಿ. ಎನ್. ಎ. ಪೆರುಮಾಳ್ (1932–2017) ಅವರ ಪೀಳಿಗೆಯವರಿಗೆ ಕಾಡಿನಷ್ಟೇ ಕತ್ತಲ ಕೋಣೆಯೂ ಪರಿಚಿತ. ಕೆಂಪು ದೀಪದ ಅಡಿಯಲ್ಲಿ ಕಾಗದದ ಮೇಲೆ ಬೀಳುವ ಬೆಳಕಿಗೆ ಅಂಗೈಯನ್ನು ಅಡ್ಡ ಹಿಡಿದು ಒಂದು ಭಾಗವನ್ನು ತಿಳಿಯಾಗಿಸುವುದು, ಮತ್ತೊಂದಕ್ಕೆ ಬೆಳಕನ್ನು ಹೆಚ್ಚಿಗೆ ಉಣಿಸಿ ಗಾಢವಾಗಿಸುವುದು ಆ ಕಾಲದ ವಿದ್ಯೆ. ಇಂದು ಅದನ್ನೇ ಗಣಕದ ಪರದೆಯ ಮೇಲೆ ಮಾಡುತ್ತಾರೆ. ಹಣ ಕೊಟ್ಟು ಕೊಳ್ಳುವ ಲೈಟ್‌ರೂಮ್ ಉಂಟು. ಬಿಡಿಕಾಸೂ ಬೇಡದ ಡಾರ್ಕ್‌ಟೇಬಲ್, ರಾಥೆರಪಿಗಳೂ ಉಂಟು. ಇವುಗಳಲ್ಲಿರುವ ಒಂದು ದೊಡ್ಡ ಗುಣವೆಂದರೆ ಮೂಲವನ್ನು ಮುಟ್ಟದಿರುವುದು. ಬೆಳಕು ಇಷ್ಟು ಏರಲಿ, ನೆರಳು ಇಷ್ಟು ತೆರೆಯಲಿ ಎಂಬ ಆದೇಶಗಳು ಮಾತ್ರ ಪಕ್ಕದಲ್ಲಿ ದಾಖಲಾಗುತ್ತವೆ. ಹತ್ತು ವರ್ಷದ ಮೇಲೆ ಆದೇಶಗಳನ್ನೆಲ್ಲ ಅಳಿಸಿದರೂ ಆ ದಿನದ ಬೆಳಕು ಹಾಗೆಯೇ ಇರುತ್ತದೆ.

ಹೀಗೆ ಮೂಲ ಅಳಿಯದೆ ಉಳಿಯುವುದರಿಂದ ಅದು ಸಾಕ್ಷಿಯೂ ಆಗಿದೆ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯ ಕೊನೆಯದಕ್ಕೆ ಹಿಂದಿನ ಸುತ್ತನ್ನು ಮುಟ್ಟಿದ ಚಿತ್ರಗಳನ್ನು ಮೂಲ ಕಡತಗಳೊಡನೆ ಹೋಲಿಸಿ ನೋಡಿದಾಗ ಐದರಲ್ಲಿ ಒಂದನ್ನು ಹೊರಗಿಡಬೇಕಾಯಿತು. ಇದ್ದದ್ದನ್ನು ಅಳಿಸಿದವರೂ ಇದ್ದರು, ಇಲ್ಲದ್ದನ್ನು ಸೇರಿಸಿದವರೂ ಇದ್ದರು. ಬೆಂಗಳೂರಿನ ಗಣೇಶ್ ಎಚ್. ಶಂಕರ್ ಅವರಿಗೆ 2016ರಲ್ಲಿ ಪಕ್ಷಿ ವಿಭಾಗದ ಬಹುಮಾನ ತಂದುಕೊಟ್ಟ ಲಂಡನ್ನಿನ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯೂ ಇಂಥದೇ ಕಟ್ಟುನಿಟ್ಟಿನದು. ಭರತಪುರದಲ್ಲಿ, ತಮ್ಮ ಪೊಟರೆಯನ್ನು ಆಕ್ರಮಿಸಿದ ಉಡದ ಬಾಲವನ್ನು ಗಿಳಿ ಕಚ್ಚಿ ಎಳೆಯುವ ಆ ಚಿತ್ರವನ್ನು ನೋಡಿದವರಿಗೆ, ಇದು ನಿಜವಾಗಿ ನಡೆದದ್ದೇ ಎಂಬ ಪ್ರಶ್ನೆ ಏಳುವುದು ಸಹಜ. ಅಂಥ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಮೂಲ ಕಡತ. ವಿಚಿತ್ರವೆಂದರೆ, ಅದೇ 2015ರ ನವೆಂಬರಿನಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ತನ್ನ ಹೊರಗಿನ ಛಾಯಾಗ್ರಾಹಕರಿಗೆ, ರಾ ಕಡತದಿಂದ ಸಂಸ್ಕರಿಸಿದ ಚಿತ್ರ ಬೇಡ, ಕ್ಯಾಮೆರಾ ತಾನೇ ಕೊಟ್ಟ ಜೆಪೆಗ್ ಮಾತ್ರ ಕಳುಹಿಸಿರಿ ಎಂದಿತು. ತಿದ್ದುವ ಅವಕಾಶವೇ ಬೇಡವೆಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಕ್ಯಾಮೆರಾ ತಯಾರಿಸಿದ ಸಂಸ್ಥೆಯ ರುಚಿಯೂ ಒಂದು ರುಚಿಯೇ ಎಂಬುದನ್ನು ಮರೆಯಬಾರದು.

ಕಡತವನ್ನು ಉಳಿಸುವವರು ಯಾರು? ಇಪ್ಪತ್ತನಾಲ್ಕು ಮೆಗಾಪಿಕ್ಸೆಲಿನ ಒಂದು ರಾ ಕಡತ 25ರಿಂದ 30 ಮೆಗಾಬೈಟ್ ತೂಗುತ್ತದೆ. ಮದುವೆಯೊಂದಕ್ಕೆ ಎರಡು ಸಾವಿರ ಚಿತ್ರವೆಂದರೆ ಐವತ್ತು ಅರವತ್ತು ಗಿಗಾಬೈಟ್. ಲಗ್ನದ ಕಾಲದಲ್ಲಿ ವಾರಕ್ಕೆ ಮೂರು ಮದುವೆ ಮಾಡುವ ಸ್ಟುಡಿಯೋದವನು ಆಲ್ಬಮ್ ಒಪ್ಪಿಸಿದ ಮೇಲೆ ಅವನ್ನೆಲ್ಲ ಅಳಿಸಿ ಜಾಗ ಮಾಡಿಕೊಂಡರೆ ದೂರುವುದು ಹೇಗೆ? ಮನೆಯವರೇ ಮುಂಗಡ ಕೊಡುವ ದಿನ ಈ ಮಾತನ್ನೂ ಆಡಿ, ತಮ್ಮದೇ ಒಂದು ಡಿಸ್ಕನ್ನು ಕೊಟ್ಟು, ಮೂಲ ಕಡತಗಳನ್ನು ಅದರಲ್ಲಿ ತುಂಬಿಸಿಕೊಳ್ಳಬೇಕು. ಎರಡು ಡಿಸ್ಕು, ಎರಡು ಮನೆಯಲ್ಲಿ ಇದ್ದರೆ ಇನ್ನೂ ಕ್ಷೇಮ. ಲಕ್ಷಗಟ್ಟಲೆ ಖರ್ಚಾಗುವ ಮದುವೆಯಲ್ಲಿ ಇದು ಊಟದ ಒಂದು ಪಂಕ್ತಿಯ ಖರ್ಚೂ ಅಲ್ಲ.

ಕಡತ ಉಳಿದರೂ ಅದನ್ನು ಓದಬಲ್ಲ ತಂತ್ರಾಂಶ ಉಳಿಯುವುದೇ ಎಂಬುದು ಇನ್ನೊಂದು ಚಿಂತೆ. ಕ್ಯಾನನ್ನಿನದು ಒಂದು ಲಿಪಿ, ನಿಕಾನಿನದು ಇನ್ನೊಂದು, ಸೋನಿಯದು ಮತ್ತೊಂದು. ಹೊಸ ಕ್ಯಾಮೆರಾ ಬಂದಂತೆ ಒಳಗಿನ ವ್ಯವಸ್ಥೆಯೂ ಬದಲು. ಡೇವ್ ಕಾಫಿನ್ ಎಂಬ ಒಬ್ಬನೇ ಮನುಷ್ಯ 1997ರಲ್ಲಿ ‘ಡಿಸಿರಾ’ ಎಂಬ ಸಣ್ಣ ತಂತ್ರಾಂಶವನ್ನು ಬರೆದು, ಅನಂತರ ಎಷ್ಟೋ ವರ್ಷ ಈ ಲಿಪಿಗಳನ್ನು ಒಂದೊಂದಾಗಿ ಬಿಡಿಸಿ ಲೋಕಕ್ಕೆ ಪುಕ್ಕಟೆಯಾಗಿ ಕೊಟ್ಟನು. ಶಾಸನಗಳನ್ನು ಓದಿಕೊಟ್ಟ ವಿದ್ವಾಂಸರ ಸಾಲಿನಲ್ಲಿ ಇವನಿಗೂ ಒಂದು ಮಣೆ ಹಾಕಬಹುದು. ಅಡೋಬಿ ಸಂಸ್ಥೆ 2004ರಲ್ಲಿ ಎಲ್ಲರೂ ಬಳಸಬಹುದಾದ ಡಿ.ಎನ್.ಜಿ. ಎಂಬ ಸಮಾನ ರೂಪವನ್ನು ಪ್ರಕಟಿಸಿತು. 2014ರಿಂದ ಆಂಡ್ರಾಯ್ಡ್ ಮೊಬೈಲುಗಳಲ್ಲಿಯೂ 2016ರಿಂದ ಐಫೋನಿನಲ್ಲಿಯೂ ಈ ರೂಪದಲ್ಲಿ ಚಿತ್ರ ತೆಗೆಯುವ ಅನುಕೂಲವಿದೆ. ಎಲ್ಲ ಮೊಬೈಲುಗಳಲ್ಲಿಯೂ ಇಲ್ಲ. ಇದ್ದರೂ ಒಂದೆರಡು ಪುಟ ಒಳಗೆ ಹೋಗಿ ಹುಡುಕಬೇಕು. ದಿನನಿತ್ಯದ ಚಿತ್ರಕ್ಕೆ ಅದು ಬೇಕಾಗಿಯೂ ಇಲ್ಲ. ಊರಿಗೆ ಹೋದಾಗ ಜಗಲಿಯಲ್ಲಿ ಕುಳಿತ ಹಿರಿಯರ ನಾಲ್ಕು ಚಿತ್ರ ತೆಗೆಯುವಾಗ ಬೇಕು.

ಸ್ಟುಡಿಯೋದ ಹಳೆಯ ಡಿಸ್ಕಿನಲ್ಲಿ ಆ ಬೀಗರೂಟದ ಮೂಲ ಉಳಿದಿತ್ತು ಎಂದೇ ಇಟ್ಟುಕೊಳ್ಳೋಣ. ಪರದೆಯ ಮೇಲೆ ಮೊದಲು ಅದೇ ಕರಿಯ ಆಕೃತಿ. ಯಜಮಾನನು ಅಂಗಳದಲ್ಲಿ ನಿಂತಿದ್ದವನೊಬ್ಬನ ಬಿಳಿಯ ಅಂಗಿಯನ್ನು ಮುಟ್ಟಿ ಬಣ್ಣವನ್ನು ಸರಿಪಡಿಸುತ್ತಾನೆ. ಅಂಗಳದ ಬೆಳಕನ್ನು ಸ್ವಲ್ಪ ತಗ್ಗಿಸುತ್ತಾನೆ. ಆಮೇಲೆ ನೆರಳಿನ ಗುಂಡಿಯನ್ನು ಹಿಡಿದು ಮೆಲ್ಲಗೆ ಬಲಕ್ಕೆ ಸರಿಸುತ್ತಾನೆ. ಮೊದಲು ಮೂಗುತಿಯ ಒಂದು ಕಿಡಿ, ಅನಂತರ ನರೆತ ಕೂದಲು, ಹಣೆ, ನಗುವಾಗ ಕಿರಿದಾದ ಕಣ್ಣು, ಎಲೆಯಡಿಕೆಗೆ ಕೆಂಪಾದ ತುಟಿ. ಹಿಂದಿನ ಗೋಡೆಗೆ ಒರಗಿಸಿದ್ದ ಅಟ್ಟದ ಏಣಿಯೂ ಕಾಣುತ್ತದೆ. ಸೀರೆಯ ಕತ್ತಲಿನಲ್ಲಿ ಕಾಳುಕಾಳು ಎದ್ದಿದೆ. ಅದನ್ನು ಅಷ್ಟಿಷ್ಟು ಅಡಗಿಸುತ್ತಾನೆ. ಹುಡುಗ ಮಾತಾಡುವುದಿಲ್ಲ.

ಯಜಮಾನನ ಕೈ ಅಭ್ಯಾಸಬಲದಿಂದ ಮುಂದಕ್ಕೆ ಹೋಗುತ್ತದೆ. ಮದುಮಕ್ಕಳ ಮುಖವನ್ನು ಹಾಲಿನಲ್ಲಿ ಅದ್ದಿದಂತೆ ಬಿಳುಪಾಗಿಸುವುದು ಎಲ್ಲ ಊರಿನ ಸ್ಟುಡಿಯೋಗಳಿಗೂ ಅಂಟಿದ ಚಾಳಿ. ಗಿರಾಕಿಗಳೂ ಅದನ್ನೇ ಕೇಳುತ್ತಾರೆ, ತಪ್ಪು ಒಬ್ಬರದಲ್ಲ. ಅಜ್ಜಿಯ ಸುಕ್ಕುಗಳು ಒಂದೊಂದಾಗಿ ಮಾಯವಾಗತೊಡಗುತ್ತವೆ, ಮೈಬಣ್ಣ ತಿಳಿಯಾಗುತ್ತದೆ.

“ಬೇಡಣ್ಣ,” ಎನ್ನುತ್ತಾನೆ ಹುಡುಗ. “ಅಜ್ಜಿ ಕಪ್ಪಗೇ ಇದ್ಲು.”

ಯಜಮಾನನು ಕೈತಡೆದು, ಕೊನೆಯಲ್ಲಿ ಮಾಡಿದ ಎರಡು ತಿದ್ದುಪಡಿಗಳನ್ನು ತೆಗೆದುಹಾಕಿ, ಪಟದ ಅಳತೆ ಎಷ್ಟಿರಬೇಕೆಂದು ಕೇಳುತ್ತಾನೆ.